ಕೂತಲ್ಲಿ ಕೂರದ ಮಗು ಮತ್ತು ಮನೆಯೊಳಗಿನ ಸೀಸ

ಹಾಸನದಲ್ಲಿ ಮಕ್ಕಳ ವೈದ್ಯನಾಗಿರುವ ನನ್ನ ಬಳಿಗೆ, ಶಾಲೆ ಶುರುವಾಗಿ ಕೆಲವು ವಾರಗಳಾಗುವಷ್ಟರಲ್ಲಿ, ‘ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ತಲೆಗೆ ಹೋಗುವುದಿಲ್ಲ’ ಎಂಬ ದೂರಿನೊಂದಿಗೆ ಮಕ್ಕಳನ್ನು ಕರೆತರುವುದು ಹೆಚ್ಚಾಗುತ್ತದೆ. ಗಮನ ಕೊರತೆಯ ತೊಂದರೆ, ಅಂದರೆ ಎಡಿಎಚ್‌ಡಿ, ಎಂದು ತೀರ್ಮಾನಿಸಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಆರಂಭವಾಗಿರಬೇಕು, ಕನಿಷ್ಠ 6 ತಿಂಗಳಾದರೂ ಇರಬೇಕು, ಶಾಲೆಯಲ್ಲಷ್ಟೇ ಅಲ್ಲದೆ ಮನೆಯಲ್ಲೂ ಕಾಣಬೇಕು. ಇದನ್ನು ವಿಚಾರಿಸುವಾಗ ಕಣ್ಣು, ಕಿವಿ, ನಿದ್ದೆಗಳ ಜೊತೆಗೆ, ಮಕ್ಕಳ ಮೆದುಳಿಗೆ ಹಾನಿ ಮಾಡಿ ಗಮನವನ್ನು ಕೆಡಿಸಬಲ್ಲ ಸೀಸ ಎಂಬ ಲೋಹದ ಬಗ್ಗೆಯೂ ಕೇಳುವುದು ನನ್ನ ರೂಢಿ.

‘ಮನೆಯಲ್ಲಿ ಸೀಸ ಇದೆಯೇ’ ಎಂದು ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ. ಆದ್ದರಿಂದ ಅಪ್ಪನ ಕೆಲಸವೇನು, ಆ ಕೆಲಸದ ಬಟ್ಟೆಯನ್ನು ಎಲ್ಲಿ ಬಿಚ್ಚುತ್ತಾರೆ, ಹಳೆಯ ಕಿಟಕಿ ಬಾಗಿಲುಗಳ ಬಣ್ಣ ಚಕ್ಕೆ ಏಳುತ್ತಿದೆಯೇ, ಮಗುವಿಗೆ ಸುರ್ಮಾ ಹಚ್ಚುತ್ತೀರಾ, ಭಸ್ಮದ ಔಷಧಿ ಕೊಡುತ್ತೀರಾ ಎಂದು ಬಿಡಿಬಿಡಿಯಾಗಿ ಕೇಳುತ್ತೇನೆ. ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸುತ್ತಾರೆಯೇ ಎಂಬುದನ್ನೂ ಬಿಡುವುದಿಲ್ಲ. ಕಲಾಯಿಯ ತವರಕ್ಕೆ ಸೀಸ ಬೆರೆತಿದ್ದರೆ ಹುಣಸೆಯ ಆಮ್ಲ ಅದನ್ನು ಅಡುಗೆಗೆ ಎಳೆದುಕೊಳ್ಳುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತನೆಯ ಒಂದು ಭಾಗದಷ್ಟು ರಕ್ತಕ್ಕೆ ಸೇರಿದರೆ ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು, ಕಬ್ಬಿಣಾಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ನಮ್ಮ ಕಡೆ ರಕ್ತಹೀನತೆಯಿರುವ ಮಕ್ಕಳು ಕಡಿಮೆಯೇನಲ್ಲ.

ಅರಸೀಕೆರೆ ಕಡೆಯಿಂದ ಬಂದ ಮೂರನೆಯ ತರಗತಿಯ ಹುಡುಗನೊಬ್ಬ ಮಾತನಾಡುತ್ತಿರುವಾಗಲೂ ಉಗುರು ಕಚ್ಚುತ್ತಿದ್ದ. ಅವನ ತಂದೆ ಹಳೆಯ ವಾಹನಗಳ ಬ್ಯಾಟರಿಗಳನ್ನು ಕೊಂಡು ಹಿತ್ತಲಿನಲ್ಲಿ ಒಡೆದು ಒಳಗಿನ ಸೀಸದ ಪ್ಲೇಟುಗಳನ್ನು ಬೇರ್ಪಡಿಸಿ ಮಾರುತ್ತಿದ್ದರು. ಆ ಕೆಲಸದ ಅಂಗಿ ನೇತುಹಾಕುತ್ತಿದ್ದುದು ಎಲ್ಲರೂ ಮಲಗುವ ಕೋಣೆಯಲ್ಲಿ, ಹುಡುಗ ಹೋಂವರ್ಕ್ ಬರೆಯುತ್ತಿದ್ದುದು ಅದೇ ಕೋಣೆಯ ನೆಲದ ಮೇಲೆ. ಬೆರಳು ಚುಚ್ಚಿ ರಕ್ತ ತೆಗೆದರೆ ಅಲ್ಲಿನ ದೂಳಿನಿಂದಲೇ ಫಲಿತಾಂಶ ಏರಬಹುದಾದ್ದರಿಂದ ರಕ್ತನಾಳದಿಂದಲೇ ರಕ್ತ ತೆಗೆಸಿದೆ. ಡೆಸಿಲೀಟರಿಗೆ 19 ಮೈಕ್ರೋಗ್ರಾಂ ಸೀಸವಿತ್ತು. 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಸೀಸದ ಮೂಲವನ್ನು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ.

“ಇದ್ರಿಂದಾನೇ ಸಾರ್ ಮನೆ ನಡೀತಿರೋದು, ಬಿಡಿ ಅಂದ್ರೆ ಹೆಂಗೆ?” ಎಂದರು ತಂದೆ. ಕಸುಬು ಬಿಡಿ ಎಂದು ನಾನು ಹೇಳಲಿಲ್ಲ. ಕೆಲಸವನ್ನು ಮನೆಯಿಂದ ದೂರದ ಶೆಡ್ಡಿಗೆ ಸಾಗಿಸುವುದು, ಅಲ್ಲಿಯೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಬರುವುದು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು, ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಇಷ್ಟನ್ನು ಒಪ್ಪಿಸಿದೆ. ಹುಡುಗನಿಗೆ ಕಬ್ಬಿಣಾಂಶದ ಔಷಧಿ ಕೊಟ್ಟೆ. ದೇಹದಿಂದ ಸೀಸವನ್ನು ಹೊರಹಾಕುವ ಔಷಧಿಯನ್ನು ಸಾಮಾನ್ಯವಾಗಿ 45 ಮೈಕ್ರೋಗ್ರಾಂ ತಲುಪಿದಾಗಲೇ ಯೋಚಿಸಲಾಗುತ್ತದೆ; 2001ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, 20ರಿಂದ 44ರವರೆಗಿನ ಮಟ್ಟವಿದ್ದ 780 ಎಳೆಯ ಮಕ್ಕಳಲ್ಲಿ ಆ ಔಷಧಿ ರಕ್ತದ ಸೀಸವನ್ನು ಇಳಿಸಿತೇ ಹೊರತು ಬುದ್ಧಿಶಕ್ತಿಯನ್ನಾಗಲಿ ವರ್ತನೆಯನ್ನಾಗಲಿ ಸುಧಾರಿಸಲಿಲ್ಲ.

ಮೂಳೆಯಲ್ಲಿ ಕೂತ ಸೀಸ ಮೆಲ್ಲಗೆ ರಕ್ತಕ್ಕೆ ಮರಳುವುದರಿಂದ ಹುಡುಗನ ಮಟ್ಟ ಇಳಿಯಲು ಬಹಳ ತಿಂಗಳು ಹಿಡಿಯಿತು. ಅವನ ಚಂಚಲತೆಗೆ ಸೀಸವೊಂದೇ ಕಾರಣವೆಂದು ನಾನು ಹೇಳಲಾರೆ. ಎಡಿಎಚ್‌ಡಿಯಲ್ಲಿ ಆನುವಂಶಿಕತೆಯ ಪಾಲು ದೊಡ್ಡದು, ನಾನು ನೋಡುವ ಇಂಥ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಸೀಸದ ಸುಳಿವೇ ಇರುವುದಿಲ್ಲ. ಆದ್ದರಿಂದ ಮುಂದಿನ ಬೆಂಚಿನಲ್ಲಿ ಕೂರಿಸುವುದು, ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು, ತಂದೆತಾಯಿಗೆ ತರಬೇತಿ ಕೊಡುವುದು ಮೊದಲಾದವನ್ನು ರಕ್ತದ ವರದಿಗೆ ಕಾಯದೆ ಆರಂಭಿಸಿದ್ದೆವು.

ದೂರು ಬರುವುದು ಶಾಲೆಯ ವಯಸ್ಸಿನಲ್ಲಾದರೂ, ನೆಲದ ಮೇಲೆ ಆಡುತ್ತ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಎರಡು ವರ್ಷದ ಆಸುಪಾಸಿನಲ್ಲಿ ರಕ್ತದ ಸೀಸ ಸಾಮಾನ್ಯವಾಗಿ ಅತಿ ಹೆಚ್ಚಿರುತ್ತದೆ. ಹೀಗಾಗಿ ಆ ಹುಡುಗನ ಪುಟ್ಟ ತಂಗಿಯ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದ್ದೆ. ಅವಳ ಮಟ್ಟ ಅಣ್ಣನದಕ್ಕಿಂತ ಹೆಚ್ಚಿತ್ತು, ಅವಳನ್ನು ಈಗಲೂ ನೋಡುತ್ತಿದ್ದೇನೆ.