ಹಾಲಿನ ಡೈರಿ, ಬರೆಯುವ ಡೈರಿ

ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಈ ಕಡೆಯ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಮನೆಮಾತು ತೆಲುಗು, ಓದು ಕನ್ನಡದಲ್ಲಿ. ಎರಡರಲ್ಲೂ ಕಿವಿಗೆ ಬಿದ್ದಂತೆ ಬರೆದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಹಾಗಲ್ಲವಲ್ಲ! ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುವುದು 2007ರಲ್ಲೇ ಶುರುವಾದರೂ, ಎಂಟನೇ ತರಗತಿಗೆ ಬಂದ ಹುಡುಗ ಗಣಿತದ ಕಾಪಿಯಲ್ಲಿ ‘ರೈಟ್ ಆಂಗಲ್’ ಬರೆಯಲು ಹೋಗಿ ‘ರೈಟ್ ಏಂಜಲ್’ ಬರೆದಿರುತ್ತಾನೆ. ಲಂಬಕೋನದ ಜಾಗದಲ್ಲಿ ದೇವದೂತ ಬಂದು ಕೂತಿರುತ್ತಾನೆ.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ‘ಇಂದಿನ ನುಡಿ’ ಹೇಳುವುದು ನಮ್ಮಲ್ಲಿ ವಾಡಿಕೆ. ನನ್ನ ಸರದಿಯ ದಿನ ನಾನು ಸುಭಾಷಿತ ಬಿಟ್ಟು, ನೋಡಲು ಒಂದೇ ಥರ ಕಾಣುವ ಎರಡು ಇಂಗ್ಲಿಷ್ ಪದಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ನೀತಿ ನಾನು ಹೇಳುವುದಿಲ್ಲ. ಮಕ್ಕಳೇ ಹುಡುಕಬೇಕು. ಹೇಳಿಕೊಟ್ಟ ನೀತಿ ತರಗತಿಗೆ ಹೋಗುವ ದಾರಿಯಲ್ಲೇ ಉದುರಿಹೋಗುತ್ತದೆ, ಅದರ ಜೊತೆಗೆ ಸ್ಪೆಲ್ಲಿಂಗೂ ಹೋಗುತ್ತದೆ.

ಚೆನ್ನಾಗಿ ನಡೆದದ್ದು ಲಿಸನ್ ಮತ್ತು ಸೈಲೆಂಟ್. ಎರಡರಲ್ಲೂ ಅವೇ ಆರು ಅಕ್ಷರ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಒಂದೊಂದು ಅಕ್ಷರ ದಪ್ಪಗೆ ಬರೆದು ಆರು ಮಕ್ಕಳ ಕೈಗೆ ಕೊಟ್ಟೆ. ಎಲ್, ಐ, ಎಸ್, ಟಿ, ಇ, ಎನ್ ಎಂದು ಸಾಲಾಗಿ ನಿಂತರು. ‘ಈಗ ಸೈಲೆಂಟ್ ಆಗ್ರಪ್ಪ’ ಅಂದೆ. ಎಲ್ಲರೂ ಬಾಯಿ ಮುಚ್ಚಿ ನಿಂತರು! ಅಂಗಳವೆಲ್ಲ ನಗು. ಆಮೇಲೆ ಅರ್ಥವಾಗಿ ಜಾಗ ಬದಲಿಸತೊಡಗಿದರು. ಎಲ್ ಮತ್ತು ಎಸ್ ಅದಲು ಬದಲಾದವು, ಟಿ ಹಿಡಿದ ಹುಡುಗ ಕೊನೆಗೆ ಓಡಿದ, ಇ, ಎನ್ ಒಂದೊಂದು ಹೆಜ್ಜೆ ಮುಂದೆ ಬಂದವು.

ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು: ‘ಸಾರ್, ಐ ಮಾತ್ರ ಅಲ್ಲೇ ನಿಂತವ್ನೆ!’

ನೋಡಿದರೆ ಹೌದು. ಐದು ಅಕ್ಷರ ಕದಲಿದರೂ ಎರಡನೇ ಜಾಗದ ಐ ಕದಲಿರಲಿಲ್ಲ. ‘ಐ ಅಂದ್ರೇನು?’ ಎಂದು ಕೇಳಿದೆ. ‘ನಾನು.’ ‘ಹಂಗಾದ್ರೆ?’ ಒಬ್ಬ ಅಂದ: ‘ಕೇಳಿದ್ರೂ ಅಷ್ಟೇ, ಸುಮ್ಮನಿದ್ರೂ ಅಷ್ಟೇ, ನಾನು ಅನ್ನೋದು ಅಲ್ಲಾಡಲ್ಲ ಸಾರ್.’ ಇನ್ನೊಬ್ಬಳು ಒಪ್ಪಲಿಲ್ಲ: ‘ಎಲ್ಲಾರೂ ಓಡಾಡೋವಾಗ ಒಬ್ರಾದ್ರೂ ನಿಂತ್ಕೋಬೇಕಲ್ವಾ, ಇಲ್ದಿದ್ರೆ ಸಾಲು ಹೆಂಗೆ ಗೊತ್ತಾಗ್ತದೆ?’ ನಾನು ಯಾವುದನ್ನೂ ಸರಿ ಅನ್ನಲಿಲ್ಲ, ತಪ್ಪೂ ಅನ್ನಲಿಲ್ಲ. ಅಹಂಕಾರದ ಮೇಲೆ ಒಂದು ಉಪನ್ಯಾಸ ಬಿಗಿಯುವ ಆಸೆ ಗಂಟಲವರೆಗೂ ಬಂದಿತ್ತು, ನುಂಗಿಕೊಂಡೆ.

ಅವತ್ತು ಇನ್ನೊಂದು ಲಾಭವೂ ಆಯಿತು. ನಮ್ಮ ಮಕ್ಕಳು ‘ಲಿಸ್ಟನ್’ ಅನ್ನುತ್ತಾರೆ. ಟಿ ಹಿಡಿದವನನ್ನು ಕರೆದು, ‘ಲಿಸನ್‌ನಲ್ಲಿ ನಿನ್ನ ಬಾಯಿ ಬಂದ್, ಸೈಲೆಂಟ್‌ನಲ್ಲಿ ಮಾತ್ರ ನೀನು ಸದ್ದು ಮಾಡಬಹುದು’ ಎಂದೆ. ಸುಮ್ಮನಿರು ಅನ್ನುವ ಪದದಲ್ಲೇ ಟಿ ಸದ್ದು ಮಾಡುತ್ತದಲ್ಲ ಎಂದು ಅವರಿಗೆ ಖುಷಿ. ಆಮೇಲೆ ಆ ತರಗತಿಯಲ್ಲಿ ಲಿಸ್ಟನ್ ಕೇಳಿಸುವುದು ಕಡಿಮೆಯಾಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂಗ್ಲಿಷಿನ ಹಿರಿಯರು ಬೇಕೆಂದೇ ಹೀಗೆ ಪದ ಕಟ್ಟಿದರು ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳು ಹೇಳುತ್ತವೆ. ಅದು ಸುಳ್ಳು. ಲಿಸನ್ ಹಳೆಯ ಇಂಗ್ಲಿಷಿನದು, ಸೈಲೆಂಟ್ ಲ್ಯಾಟಿನ್ನಿನಿಂದ ಬಂದದ್ದು. ಒಂದಕ್ಕೊಂದು ನೆಂಟಸ್ತಿಕೆ ಇಲ್ಲ. ಏಂಜಲ್ ಗ್ರೀಕಿನಲ್ಲಿ ಸುದ್ದಿ ತರುವವನು, ಆಂಗಲ್ ಲ್ಯಾಟಿನ್ನಿನಲ್ಲಿ ಮೂಲೆ. ಅಕ್ಷರ ಹೊಂದಿಕೊಂಡದ್ದು ಆಕಸ್ಮಿಕ ಎಂದು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಆಟ ಆಟವೇ ಎಂದು ಗೊತ್ತಿದ್ದರೂ ಅವರ ಉತ್ಸಾಹವೇನೂ ಇಳಿಯುವುದಿಲ್ಲ.

ನನಗೆ ಅಚ್ಚುಮೆಚ್ಚಿನದು ಡೇರಿ ಮತ್ತು ಡೈರಿ. ಕಾಗದದ ಮೇಲೆ ಎ, ಐ ಎರಡು ಅಕ್ಷರ ಹಿಂದುಮುಂದಾಗುತ್ತವೆ ಅಷ್ಟೆ. ನಮ್ಮೂರ ಬಾಯಲ್ಲಂತೂ ಅಷ್ಟೂ ವ್ಯತ್ಯಾಸವಿಲ್ಲ, ಹಾಲು ಹಾಕುವುದೂ ‘ಡೈರಿ’ಗೇ, ದಿನಚರಿ ಬರೆಯುವುದೂ ‘ಡೈರಿ’ಯಲ್ಲೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ಬತ್ತಿದರೂ ಮನೆ ನಡೆಯುವುದು ಸೀಮೆಹಸುವಿನಿಂದ. ಬೆಳಿಗ್ಗೆ ಕ್ಯಾನು ಹಿಡಿದು ಸೊಸೈಟಿಗೆ ಹೋಗಿ, ಫ್ಯಾಟು ಎಷ್ಟು ಬಂತೆಂದು ನೋಡಿ, ಪುಸ್ತಕದಲ್ಲಿ ಬರೆಸಿಕೊಂಡು ಶಾಲೆಗೆ ಬರುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅಂಥ ಹುಡುಗನೊಬ್ಬ ಈ ಎರಡು ಪದ ನೋಡಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಹೇಳಿದ: ‘ಹಾಲಿನ ಡೈರಿಯಲ್ಲಿ ನೀರು ಬೆರೆಸಿದ್ರೆ ಮಿಷನ್ ಹಿಡೀತದೆ ಸಾರ್. ಬರೆಯೋ ಡೈರಿಯಲ್ಲಿ ನೀರು ಬೆರೆಸಿದ್ರೆ ಹಿಡಿಯೋರು ಯಾರು?’

ನನಗೆ ಇಂಥದ್ದು ಹೊಳೆಯುತ್ತಿರಲಿಲ್ಲ, ನಾನು ಹಾಲು ಕೊಳ್ಳುವವನು. ಅದೇ ತಿಂಗಳು ಇಬ್ಬರು ದಿನಚರಿ ಬರೆಯಲು ಶುರು ಮಾಡಿದರು. ಇಂಗ್ಲಿಷಿನಲ್ಲೇ, ದಿನಕ್ಕೆ ಮೂರ್ನಾಲ್ಕು ಸಾಲು. ಡೈರಿ ಅನ್ನುವುದು ಲ್ಯಾಟಿನ್ನಿನಲ್ಲಿ ದಿನದ ಪಡಿ ಎಂಬ ಅರ್ಥದಿಂದ ಬಂದದ್ದು, ಡೇರಿಯ ಮೂಲದಲ್ಲಿ ಇರುವವಳು ಹಿಟ್ಟು ನಾದುವ, ಮನೆಗೆಲಸದ ಹೆಂಗಸು ಎಂದಾಗ ಹುಡುಗಿಯರು ಕಿಸಕ್ಕನೆ ನಕ್ಕರು. ಹಾಲು ಕರೆಯುವುದು ಇಲ್ಲೂ ಹೆಚ್ಚಾಗಿ ಅವರ ಅಮ್ಮಂದಿರೇ.

ಎಲ್ಲವೂ ಹೀಗೆ ಫಲ ಕೊಡುವುದಿಲ್ಲ. ಮರುಭೂಮಿಯ ಡೆಸರ್ಟ್, ಊಟದ ಸಿಹಿಯ ಡಿಸರ್ಟ್ ಜೋಡಿಗೆ ‘ಸಿಹಿ ಇನ್ನೊಂದು ಸಲ ಬೇಕೆನಿಸುತ್ತೆ, ಅದಕ್ಕೇ ಎಸ್ ಎರಡು’ ಎಂಬ ಜಾಣ ಸೂತ್ರವಿದೆ. ಆದರೆ ನಮ್ಮ ಮದುವೆ ಊಟದಲ್ಲಿ ಪಾಯಸ ಎಲೆಯ ತುದಿಗೆ ಮೊದಲೇ ಬೀಳುತ್ತದೆ. ಊಟದ ಕೊನೆಗೆ ಸಿಹಿ ಎಂದು ವಿವರಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಸಡಿಲ ಅನ್ನುವ ಲೂಸ್, ಕಳೆದುಕೊಳ್ಳು ಅನ್ನುವ ಲೂಜ್ ಬರೆದ ದಿನ ಕೇಳಲೇಬೇಡಿ. ಲೂಸ್ ಅಂದರೆ ನಮ್ಮಲ್ಲಿ ತಲೆಕೆಟ್ಟವನು, ಪಕ್ಕದವನನ್ನು ಪಕ್ಕದವನು ತೋರಿಸುವುದರಲ್ಲೇ ಪೀರಿಯಡ್ ಕಳೆಯಿತು. ಸಡಿಲ ಅಂಗಿಯಲ್ಲಿ ಜಾಗ ಜಾಸ್ತಿ, ಅದಕ್ಕೇ ಓ ಎರಡು ಎಂದು ಸ್ಪೆಲ್ಲಿಂಗ್ ಮಾತ್ರ ಹೇಳಿ ಕೈತೊಳೆದುಕೊಂಡೆ. ನೀತಿ ಸಿಗದ ಜೋಡಿಯಿಂದ ನೀತಿ ಹಿಂಡಬಾರದು.

ಕಾಲೇಜಿನ ಮುಖ್ಯಸ್ಥರಾದ ಪ್ರಿನ್ಸಿಪಾಲ್ ಮತ್ತು ತತ್ವ ಎಂಬರ್ಥದ ಪ್ರಿನ್ಸಿಪಲ್ ಜೋಡಿಯನ್ನು ಹತ್ತನೇ ತರಗತಿಯವರಿಗೆಂದೇ ಇಟ್ಟುಕೊಂಡಿದ್ದೇನೆ. ಪ್ರೌಢಶಾಲೆಯಲ್ಲಿ ಇರುವವರು ಹೆಡ್‌ಮಾಸ್ಟರು, ಪ್ರಿನ್ಸಿಪಾಲರ ಮುಖ ಕಾಣುವುದು ಪಿಯುಸಿಗೆ ಸೇರುವಾಗಲೇ. ಇವೆರಡು ನಿಜವಾಗಿಯೂ ಒಂದೇ ಬುಡದವು, ‘ಮೊದಲನೆಯದು’ ಎಂಬ ಲ್ಯಾಟಿನ್ ಅರ್ಥದಿಂದ ಕವಲೊಡೆದವು. ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ಸಮಾಜ ವಿಜ್ಞಾನದ ಮೇಡಂ ಟೀ ಲೋಟ ಕೆಳಗಿಡದೆಯೇ ಅಂದರು: ‘ಮೊದಲನೆಯವರಿಗೆ ಟ್ರಾನ್ಸ್‌ಫರ್ ಆಗ್ತದೆ ಸಾರ್, ಎರಡನೆಯದಕ್ಕೆ ಆಗಬಾರದು.’ ಇದನ್ನು ನಾನು ಮಕ್ಕಳಿಗೆ ಹೇಳಿಲ್ಲ. ಮಾರ್ಚಿಗೆ ಮುಂಚೆ ಬೋರ್ಡಿನ ಮೇಲೆ ಎರಡೂ ಪದ ಬರೆದು ನೋಡುತ್ತೇನೆ, ಅವರೇನು ಹೇಳುತ್ತಾರೋ.