ಡೈಕಾಸ್ಟ್ ಕಾರು ಕೊಳ್ಳುವ ಮುಂಚೆ ಸ್ಕೇಲ್ ನೋಡಿ

ಮಾಡೆಲ್ ರೈಲ್ವೆ ಲೇಔಟ್‌ಗೆ ಹೊಸ ಡೈಕಾಸ್ಟ್ (ಲೋಹದ ಎರಕದ) ಕಾರು, ಲಾರಿ ಕೂಡಿಡುವವರು ಮೊದಲು ಸ್ಕೇಲ್ ನೋಡಿ, ಅಂದರೆ ನಿಜವಾದ ಗಾಡಿಗಿಂತ ಮಾಡೆಲ್ ಎಷ್ಟು ಪಟ್ಟು ಚಿಕ್ಕದು ಅನ್ನೋದು. ಮಾಡೆಲ್ ರೈಲಿನ ಅಳತೆಗಳಲ್ಲಿ ಬ್ರಿಟಿಷ್ ಓಓ (OO) ರೈಲು 1:76, ಎಚ್‌ಓ (HO) 1:87. ಎರಡಕ್ಕೂ ಹಳಿಯ ಅಗಲ ಒಂದೇ, 16.5 ಮಿ.ಮೀ. ಗೊಂದಲ ಆಗೋದು ಇಲ್ಲೇ. ನಾಲ್ಕೂವರೆ ಮೀಟರ್ ಕಾರು 1:76ರಲ್ಲಿ ಸುಮಾರು 59 ಮಿ.ಮೀ., 1:87ರಲ್ಲಿ 52. ಆಟಿಕೆ ಅಂಗಡಿಯಲ್ಲಿ ಜಾಸ್ತಿ ಸಿಗುವ 1:64 ಕಾರು 70 ಮಿ.ಮೀ. ಬರುತ್ತದೆ. ಪ್ಲಾಟ್‌ಫಾರ್ಮ್ ಪಕ್ಕ ನಿಲ್ಲಿಸಿದರೆ ತೀರಾ ದೊಡ್ಡದಾಗಿ ಕಾಣುತ್ತದೆ, ಸುಮ್ನೆ ಕೊಳ್ಳಬೇಡಿ.

ಕೈಯಲ್ಲಿ 1:87 ಕಾರಿದ್ದರೆ ಓಓ ಲೇಔಟ್‌ನ ಹಿಂಬದಿ ರಸ್ತೆಯಲ್ಲಿಡಿ. ದೂರದಲ್ಲಿರುವ ಹಾಗೆ ಚೆನ್ನಾಗಿ ಕಾಣುತ್ತದೆ.

ಕಾಲವೂ ಹೊಂದಬೇಕು ಅಲ್ವಾ? 1950ರ ದಶಕದ ಬ್ರಿಟಿಷ್ ಸ್ಟೇಷನ್ ಮುಂದೆ ಮಾರಿಸ್ ಮೈನರ್ ಕಾರು ಇರಲಿ. 1962ರಲ್ಲಿ ಬಂದ ಫೋರ್ಡ್ ಕಾರ್ಟಿನಾ ಬೇಡ. ಆಕ್ಸ್‌ಫರ್ಡ್ ಡೈಕಾಸ್ಟ್ ಕಂಪನಿಯಲ್ಲಿ 1:76ರ ಗಾಡಿಗಳು ಬೇಕಾದಷ್ಟಿವೆ.