ಮೂರನೇ ಸುತ್ತಿಗೆ ಮಾತು ಮುಗಿಯುತ್ತಿತ್ತು

ಇಳಕಲ್‌ನಲ್ಲಿ ನೇಕಾರರ ಜೊತೆ ಕಾರ್ಯಾಗಾರ ನಡೆಸುವಾಗ ನಾನು ಗುಂಪುಗಳನ್ನು ಸುತ್ತಿಸುವ ಪದ್ಧತಿಯನ್ನೇ ಬಳಸುತ್ತೇನೆ. ಗೋಡೆಗೆ ನಾಲ್ಕು ಚಾರ್ಟ್, ನಾಲ್ಕು ವಿಷಯ: ನೂಲಿನ ಬೆಲೆ, ಸೀರೆ ಮಾರಾಟ, ಹೊಸ ಡಿಸೈನ್, ಮಗ್ಗದ ಕಡೆ ಬಾರದ ಹುಡುಗರು. ಐದೈದು ಜನರ ಗುಂಪು ಒಂದು ಚಾರ್ಟಿನಲ್ಲಿ ಬರೆದು ಮುಂದಿನದಕ್ಕೆ ಸರಿಯಬೇಕು. ಮೊದಲ ಸುತ್ತು ಜೋರು. ಮೂರನೆಯದಕ್ಕೆ ಬಂದಾಗ ಎಲ್ಲರದೂ ಒಂದೇ ಉತ್ತರ: "ನಾವು ಹೇಳೋದನ್ನ ಅವರೇ ಬರದಾರ್ರೀ." ಆಮೇಲೆ ಚಹಾದ ಕಡೆ ಕಣ್ಣು.

ಸಮಯ ಕಡಿಮೆ ಮಾಡಿದರೂ ಉಪಯೋಗವಾಗಲಿಲ್ಲ. ಸುತ್ತಿಗೊಂದು ಬೇರೆ ಕೆಲಸ ಕೊಟ್ಟಾಗ ಸರಿಹೋಯಿತು. ಮೊದಲು ಐಡಿಯಾ ಬರೆಯುವುದು. ಎರಡನೇ ಸುತ್ತಿನಲ್ಲಿ "ಇದಕ್ಕ ರೊಕ್ಕ ಯಾರು ಹಾಕ್ತಾರ?" ಥರದ ತಕರಾರು ಮಾತ್ರ. ಮೂರನೆಯದರಲ್ಲಿ ಆ ತಕರಾರಿಗೆ ಉತ್ತರ. ಕೊನೆಗೆ, ಮೊದಲು ಮಾಡಬೇಕಾದ ಎರಡಕ್ಕೆ ಟಿಕ್. ತಕರಾರು ತೆಗೆಯಿರಿ ಅಂದರೆ ಯಾರಿಗೆ ಉತ್ಸಾಹ ಬರಲ್ಲ, ಅಲ್ವಾ? ಗುಂಪಿಗೊಂದು ಬಣ್ಣದ ಸ್ಕೆಚ್ ಪೆನ್ನು ಕೊಟ್ಟರೆ ಯಾವ ಮಾತು ಯಾರದು ಅಂತಲೂ ತಿಳಿಯುತ್ತದೆ.

ಇನ್ನೊಂದು ತೊಡಕು, ಹಿಂದಿನ ಗುಂಪು ಬರೆದದ್ದನ್ನು ಓದುವುದು. ಎಲ್ಲರಿಗೂ ಅದು ಸಲೀಸಲ್ಲ. ಇದಕ್ಕೆ ಉಪಾಯ ಸಿಕ್ಕಿದ್ದು, ಮೇಜಿನಿಂದ ಮೇಜಿಗೆ ಸರಿಯುತ್ತಾ ಚರ್ಚಿಸುವ ವರ್ಲ್ಡ್ ಕೆಫೆ ಪದ್ಧತಿಯಲ್ಲಿ. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾನಿಟಾ ಬ್ರೌನ್ ಮತ್ತು ಡೇವಿಡ್ ಐಸಾಕ್ಸ್ ಶುರು ಮಾಡಿದ್ದು ಅದು. ಅಲ್ಲಿ ಪ್ರತಿ ಮೇಜಿನಲ್ಲೂ ಒಬ್ಬರು ಉಳಿದುಕೊಂಡು, ಹೊಸದಾಗಿ ಬಂದವರಿಗೆ ಹಿಂದಿನ ಮಾತು ತಿಳಿಸುತ್ತಾರೆ. ಮೊಣಕಾಲು ನೋವಿನ ಹಿರಿಯರಿಗೆ ಕುರ್ಚಿ ಹಾಕಿ ಆ ಕೆಲಸ ಒಪ್ಪಿಸಿದೆ. ಒಂದು ನಿಮಿಷ ಅಂದರೆ ಮೂರು ನಿಮಿಷ ಹೇಳುತ್ತಾರೆ. ಇರಲಿ, ಸುತ್ತಿಗೆ 12 ನಿಮಿಷ ಇಟ್ಟುಕೊಂಡರೆ ಸಾಕಾಗುತ್ತದೆ.